ಪಟ್ಟಿ ಬರೆಯುವ ಮೊದಲು

ಮಗಳೇ, ಮೆಲ್ಬರ್ನಿನ ನಿಮ್ಮ ಬಡಾವಣೆಯ ಹೆಣ್ಣುಮಕ್ಕಳ ಫುಟಿ ಲೀಗಿನ ಸಮಿತಿಗೆ ನಿನ್ನನ್ನು ಸೇರಿಸಿಕೊಂಡಿದ್ದಾರೆ, ಬರುವ ವರ್ಷದ ಪಂದ್ಯಗಳ ವೇಳಾಪಟ್ಟಿ, ನಿಯಮ ಎರಡನ್ನೂ ನೋಡಿಕೊಳ್ಳುವ ಹೊಣೆ ನಿನ್ನ ಪಾಲಿಗೆ ಬಂದಿದೆ ಎಂದು ನಿನ್ನಮ್ಮ ಹೇಳಿದಳು. ಕೇಳಿ ತುಂಬ ಸಂತೋಷವಾಯಿತು. ಆಡುವವರಿಗೆ ಬೀಳುವ ಚಪ್ಪಾಳೆ ಈ ಕೆಲಸಕ್ಕೆ ಬೀಳುವುದಿಲ್ಲ. ಆದರೂ ಯಾರು, ಯಾವತ್ತು, ಎಲ್ಲಿ, ಎಷ್ಟು ಹೊತ್ತು, ಯಾವ ನಿಯಮದಲ್ಲಿ ಆಡಬೇಕು ಎಂದು ಬರೆಯುವವರ ಕೈಯಲ್ಲಿ ಆಟದ ಮುಕ್ಕಾಲು ಪಾಲು ಇರುತ್ತದೆ. ಅದಕ್ಕೇ ನಿನ್ನ ದೊಡ್ಡಮ್ಮನಾಗಿ ಒಂದು ಮಾತು ಹೇಳುತ್ತೇನೆ. ಹುಡುಗಿಯರ ಆಟ ಸಪ್ಪೆ, ಗೋಲು ಕಡಿಮೆ, ಜನ ಬರುವುದಿಲ್ಲ ಎಂದು ಯಾರಾದರೂ ತೀರ್ಪು ಕೊಡಲು ಹೊರಟರೆ, ಆ ಹುಡುಗಿಯರಿಗೆ ಕೊಟ್ಟ ದಿನ, ಮೈದಾನ, ನಿಯಮ ಎಂಥವು ಎಂದು ಮೊದಲು ಕೇಳು. ಆಟಗಾರ್ತಿಯರ ವಿಚಾರ ಅದಾದ ಮೇಲೆ.

ಊರಿನಲ್ಲಿ ಇದನ್ನು ಓದುವ ನೆಂಟರಿಗಾಗಿ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಆಸ್ಟ್ರೇಲಿಯದ ಫುಟಿಗೆ ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಆಡುವಂಥ ದೊಡ್ಡ ಮೈದಾನ, ಎರಡು ತುದಿಗೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದೇ ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಗಂಡಸರ ರಾಷ್ಟ್ರೀಯ ಲೀಗ್ ಎಎಫ್‌ಎಲ್. 2017ರಲ್ಲಿ ಎಂಟು ತಂಡಗಳೊಂದಿಗೆ ಶುರುವಾಗಿ ಈಗ 18 ತಂಡಗಳಿಗೆ ಬೆಳೆದಿರುವ ಹೆಂಗಸರ ಲೀಗ್ ಎಎಫ್‌ಎಲ್‌ಡಬ್ಲ್ಯು.

ಹೆಂಗಸರು ಈ ಆಟಕ್ಕೆ ನಿನ್ನೆ ಮೊನ್ನೆ ಬಂದವರಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಪರ್ತ್ ಊರಿನ ಫಾಯ್ ಅಂಡ್ ಗಿಬ್ಸನ್ ಮಳಿಗೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ತಂಡ ಕಟ್ಟಿ ಆಡಿದ್ದರು. ವಿಕ್ಟೋರಿಯದಲ್ಲಿ ಮಹಿಳೆಯರ ಲೀಗ್ ಹುಟ್ಟಿದ್ದು 1981ರಲ್ಲಿ. ಆದರೂ ಹದಿಹರೆಯಕ್ಕೆ ಕಾಲಿಟ್ಟ ಹುಡುಗಿಗೆ ಬಹುಕಾಲ ದಾರಿ ಮುಚ್ಚಿತ್ತು. ಹುಡುಗರ ಜೊತೆ ಆಡುವಂತಿಲ್ಲ, ಹುಡುಗಿಯರದೇ ತಂಡ ಹತ್ತಿರದಲ್ಲಿ ಇಲ್ಲ. ಪೆನ್ನಿ ಕೂಲಾ-ರೀಡ್ ಎಂಬ ಹುಡುಗಿ 2003-04ರ ಸುಮಾರಿಗೆ ಇನ್ನಿಬ್ಬರ ಜೊತೆ ಸೇರಿ ಇದನ್ನು ನ್ಯಾಯಮಂಡಳಿಯವರೆಗೆ ಒಯ್ದಳು. ಹುಡುಗಿಯರಿಗೇ ಪ್ರತ್ಯೇಕ ಲೀಗ್ ಬೇಕೆಂಬ ಮಾತಿಗೆ ಬಲ ಬಂದದ್ದು ಅಲ್ಲಿಂದ. ಅವಳೇ ಮುಂದೆ ಕಾಲಿಂಗ್‌ವುಡ್ ಪರವಾಗಿ ಎಎಫ್‌ಎಲ್‌ಡಬ್ಲ್ಯು ಆಡಿದಳು. ಯೋಚಿಸಿ ನೋಡು, 2017ರಲ್ಲಿ ಮೈದಾನಕ್ಕಿಳಿದ ಎಷ್ಟೋ ಮಂದಿಗೆ ಆಟ ಮೈಗೂಡುವ ವಯಸ್ಸಿನ ನಾಲ್ಕಾರು ವರ್ಷಗಳೇ ಕೈತಪ್ಪಿದ್ದವು. ಅವರಲ್ಲಿ ಹೆಚ್ಚಿನವರಿಗೆ ಆ ಮೊದಲ ವರ್ಷ ಸಿಕ್ಕ ಸಂಬಳ 8,500 ಡಾಲರ್. ಹಗಲು ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವರು ಅವರು.

ಆ ಲೀಗಿನ ಮೊದಲ ಪಂದ್ಯ 2017ರ ಫೆಬ್ರುವರಿ 3ರ ರಾತ್ರಿ, ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್ ನಡುವೆ, ಪ್ರಿನ್ಸಸ್ ಪಾರ್ಕಿನಲ್ಲಿ. ಉಚಿತ ಪ್ರವೇಶ. 24,568 ಜನ ಒಳಗೆ ಸೇರಿದ ಮೇಲೆ ಬಾಗಿಲು ಹಾಕಬೇಕಾಯಿತು. ಹೊರಗುಳಿದವರ ಬಳಿಗೆ ಲೀಗಿನ ಮುಖ್ಯಸ್ಥರೇ ಬಂದು ಕ್ಷಮೆ ಕೇಳಿದರು. ಇಷ್ಟು ಜನ ಬರುತ್ತಾರೆಂದು ಪಟ್ಟಿ ಬರೆದವರು ಎಣಿಸಿರಲೇ ಇಲ್ಲ. ಅದೇ ಋತುವಿನ ಗ್ರ್ಯಾಂಡ್ ಫೈನಲ್ ಇನ್ನೊಂದು ಪಾಠ. ಬ್ರಿಸ್ಬೇನ್ ತಂಡ ಮೊದಲ ಸ್ಥಾನ ಗಳಿಸಿತ್ತು, ಗ್ಯಾಬಾ ಮೈದಾನದಲ್ಲಿ ಆಡಬೇಕಿತ್ತು. ಆ ತಿಂಗಳ ಆರಂಭದಲ್ಲಿ ಗಾಯಕಿ ಅಡೆಲ್ ಅವರ ಸಂಗೀತ ಕಾರ್ಯಕ್ರಮ ಅಲ್ಲಿ ನಡೆದು ಹುಲ್ಲು ಹಾಳಾಗಿತ್ತು. ಪಂದ್ಯ ಗೋಲ್ಡ್ ಕೋಸ್ಟಿನ ಕರಾರ ಮೈದಾನಕ್ಕೆ ಹೋಯಿತು, ಅಡಿಲೇಡ್ 35-29ರಿಂದ ಗೆದ್ದಿತು. ಬೇರೆ ಮೈದಾನವಾಗಿದ್ದರೆ ಬ್ರಿಸ್ಬೇನ್ ಗೆಲ್ಲುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ವರ್ಷವಿಡೀ ಆಡಿ ಗಳಿಸಿದ ಮನೆಯಂಗಳದ ಹಕ್ಕು ಬೇರೊಬ್ಬರ ದಿನಚರಿಗೆ ದಾರಿ ಬಿಟ್ಟುಕೊಟ್ಟಿತು ಎಂಬುದನ್ನು ಮಾತ್ರ ನೋಡು.

2019ರ ಕತೆಯನ್ನು ನೀನು ಸಮಿತಿಯಲ್ಲಿ ಬಾಯಿಪಾಠ ಒಪ್ಪಿಸುವಷ್ಟು ತಿಳಿದಿರಬೇಕು. ತಂಡಗಳು ಹತ್ತಾದವು, ಆದರೆ ವಾರಗಳು ಏಳೇ. ಎಲ್ಲರೂ ಎಲ್ಲರೊಡನೆ ಆಡಲಾಗದು ಎಂದು ಐದೈದರ ಎರಡು ಗುಂಪು ಮಾಡಿ, ಪ್ರತಿ ಗುಂಪಿನಿಂದ ಮೊದಲಿಬ್ಬರಿಗೆ ಫೈನಲ್ಸ್ ಎಂದರು. ಬಲವಾದ ತಂಡಗಳು ಒಂದೇ ಗುಂಪಿಗೆ ಬಿದ್ದವು. ಏಳರಲ್ಲಿ ಐದು ಗೆದ್ದ ನಾರ್ತ್ ಮೆಲ್ಬರ್ನ್ ಹೊರಗುಳಿಯಿತು. ನಾಲ್ಕು ಗೆದ್ದ ಮೆಲ್ಬರ್ನ್ ಕೂಡ ಹೊರಗೆ. ಇನ್ನೊಂದು ಗುಂಪಿನಲ್ಲಿ ಮೂರೇ ಗೆದ್ದ ಜೀಲಾಂಗ್ ಒಳಗೆ ಬಂದು, ಅಡಿಲೇಡ್ ಎದುರು 73-7ರಿಂದ ಸೋತಿತು. ಅಂಥ ಸೋಲು ನೋಡಿದವರು ‘ಹೆಂಗಸರ ಆಟದಲ್ಲಿ ಪೈಪೋಟಿಯೇ ಇಲ್ಲ’ ಎಂದು ಸುಲಭವಾಗಿ ಹೇಳುತ್ತಾರೆ. ಸೋತದ್ದು ಪಟ್ಟಿ, ಅವಮಾನ ಆದದ್ದು ಆಟಗಾರ್ತಿಯರಿಗೆ. ಇದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ. ಅಷ್ಟಾದರೂ ಗುಂಪುಗಳ ಪದ್ಧತಿ ಮುಂದಿನ ವರ್ಷವೂ ಉಳಿಯಿತು, 2021ರಲ್ಲಿ ಎಲ್ಲರನ್ನೂ ಮತ್ತೆ ಒಂದೇ ಅಂಕಪಟ್ಟಿಗೆ ತಂದರು. ನಡುವೆ 2020ರಲ್ಲಿ ಕೋವಿಡ್ ಬಂದು ಋತುವೇ ಅರ್ಧಕ್ಕೆ ನಿಂತು, ಒಂದೂ ಪಂದ್ಯ ಸೋಲದ ಫ್ರೀಮ್ಯಾಂಟಲ್ ಕಪ್ಪಿಲ್ಲದೆ ಮನೆಗೆ ಹೋಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಮೊದಲು ಈ ಲೀಗ್ ಬೇಸಿಗೆಯಲ್ಲಿ ನಡೆಯುತ್ತಿತ್ತು. ಇಲ್ಲಿನ ಜನವರಿ, ಫೆಬ್ರುವರಿಯ ಬಿಸಿಲು ನಿನಗೆ ಗೊತ್ತು. 2022ರಲ್ಲಿ ಅದನ್ನು ಆಗಸ್ಟ್‌ನಿಂದ ನವೆಂಬರ್‌ವರೆಗೆ ಎಂದು ಬದಲಿಸಿದರು. ಆ ಕಾರಣಕ್ಕೆ ಒಂದೇ ವರ್ಷದಲ್ಲಿ ಎರಡು ಋತು ಆಡಬೇಕಾಯಿತು, ನಡುವೆ ವಿಶ್ರಾಂತಿಗೆ ಸಿಕ್ಕದ್ದು ಕೆಲವೇ ತಿಂಗಳು. ಬಿಸಿಲು ತಪ್ಪಿದ್ದು ನಿಜವಾದ ಲಾಭ, ನಾನು ಒಪ್ಪುತ್ತೇನೆ. ಆದರೆ ಸೆಪ್ಟೆಂಬರ್ ಗಂಡಸರ ಫೈನಲ್ಸ್ ತಿಂಗಳು, ಪತ್ರಿಕೆಯಲ್ಲಿ ಬೇರೆಯವರಿಗೆ ಜಾಗ ಸಿಗುವುದು ಕಷ್ಟ. ಅಕ್ಟೋಬರ್ ಬಂದರೆ ದೊಡ್ಡ ಮೈದಾನಗಳಲ್ಲಿ ಕ್ರಿಕೆಟ್ ಪಿಚ್ ಕೆಲಸ. ಕೆಳಹಂತದ ಮಹಿಳಾ ಲೀಗುಗಳು ಅಷ್ಟರಲ್ಲಿ ಮುಗಿದಿರುತ್ತವೆ, ತಂಡದಲ್ಲಿದ್ದೂ ಆ ವಾರ ಆಯ್ಕೆಯಾಗದವಳಿಗೆ ಆಡಲು ಪಂದ್ಯವೇ ಇರುವುದಿಲ್ಲ. ಐರ್ಲೆಂಡಿನಿಂದ ಬರುವ ಹೆಣ್ಣುಮಕ್ಕಳು ತಮ್ಮ ಊರಿನ ಗೇಲಿಕ್ ಫುಟ್‌ಬಾಲ್ ಋತುವಿಗೂ ಇದಕ್ಕೂ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಎಲ್ಲ ರೀತಿಯಿಂದಲೂ ಒಳ್ಳೆಯದೆನ್ನುವ ತಿಂಗಳು ಕ್ಯಾಲೆಂಡರಿನಲ್ಲಿ ಇಲ್ಲ. ಯಾರ ಕಷ್ಟ ತಪ್ಪಿಸಲು ಯಾರ ಮೇಲೆ ಕಷ್ಟ ಹೇರುತ್ತಿದ್ದೇವೆ ಎಂದು ಬರೆಯುವವರಿಗೆ ಗೊತ್ತಿರಬೇಕು, ಅಷ್ಟೇ.

2024ರಲ್ಲಿ ಹತ್ತು ವಾರಗಳೊಳಗೆ ಹನ್ನೊಂದು ಪಂದ್ಯ ತುರುಕಿದರು. ಕೆಲವು ಪಂದ್ಯಗಳು ವಾರದ ನಡುವೆ ಬಂದವು. ಮರುದಿನ ಶಾಲೆ ಇರುವ ಮಕ್ಕಳನ್ನು ಕಟ್ಟಿಕೊಂಡು ಯಾವ ಅಮ್ಮ ಬರುತ್ತಾಳೆ? ಗ್ಯಾಲರಿಗಳು ಬರಿದಾದವು. ಇದರ ಜೊತೆಗೆ ಲೀಗ್ ಮತ್ತು ಆಟಗಾರರ ನಡುವಿನ 2023ರ ಒಪ್ಪಂದದ ಷರತ್ತನ್ನು ಇಟ್ಟು ನೋಡು. ಹನ್ನೆರಡು ಪಂದ್ಯಗಳ ಋತು ಹದಿನಾಲ್ಕಕ್ಕೆ ಏರಬೇಕಾದರೆ ಪಂದ್ಯಕ್ಕೆ ಸರಾಸರಿ 6,000 ಜನ ಬರಬೇಕು, ಟಿವಿಯಲ್ಲಿ ಸರಾಸರಿ 1,00,000 ಜನ ನೋಡಬೇಕು. ಜನ ಬರಲಾಗದ ದಿನ ಆಡಿಸಿ, ಜನ ಬಂದರೆ ಪಂದ್ಯ ಹೆಚ್ಚಿಸುತ್ತೇವೆ ಎನ್ನುವುದು ನ್ಯಾಯವಲ್ಲ. ಹದಿನೆಂಟು ತಂಡಗಳು ಒಬ್ಬರೊಡನೊಬ್ಬರು ಒಂದೊಂದು ಸಲ ಆಡಲು ಹದಿನೇಳು ಪಂದ್ಯ ಬೇಕು. ಅಲ್ಲಿಗೆ ತಲುಪುವವರೆಗೂ ಯಾರಿಗೆ ಸುಲಭದ ಎದುರಾಳಿಗಳು ಬಿದ್ದರು ಎಂಬ ಜಗಳ ನಿಲ್ಲುವುದಿಲ್ಲ. ಇನ್ನು ಜನರ ಮಾತು: ಸರಿಯಾದ ಮೈದಾನದಲ್ಲಿ ಆಡಿಸಿದರೆ ಅವರು ಬರುತ್ತಾರೆ. ನಮ್ಮ ಬೆಂಗಳೂರಿನ ಉದಾಹರಣೆ ನಿನಗೆ ನೆನಪಿರಬಹುದು. ಮಹಿಳಾ ಕ್ರಿಕೆಟ್ ಲೀಗ್ ಡಬ್ಲ್ಯುಪಿಎಲ್‌ನ 2023ರ ಮೊದಲ ಋತು ಪೂರ್ತಿ ಮುಂಬೈ ಕಡೆಯ ಎರಡು ಮೈದಾನಗಳಲ್ಲೇ ನಡೆಯಿತು. 2024ರಲ್ಲಿ ಪಂದ್ಯಗಳು ಚಿನ್ನಸ್ವಾಮಿಗೆ ಬಂದಾಗ ಆರ್‌ಸಿಬಿ ಹುಡುಗಿಯರಿಗಾಗಿ ಊರಿನ ಜನ ಕಿಕ್ಕಿರಿದು ಬಂದರು. ಇಲ್ಲಿಯೂ 2019ರ ಗ್ರ್ಯಾಂಡ್ ಫೈನಲ್ ಅಡಿಲೇಡ್ ಓವಲ್‌ನಲ್ಲಿ ಇಟ್ಟಾಗ 53,034 ಜನ ಸೇರಿದ್ದರು.

ಆ ದಿನವೇ ಅಡಿಲೇಡಿನ ಎರಿನ್ ಫಿಲಿಪ್ಸ್ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡು ಮೈದಾನದಿಂದ ಹೊರಗೆ ಹೋದಳು. ಪಂದ್ಯದ ಶ್ರೇಷ್ಠ ಆಟಗಾರ್ತಿ ಅವಳೇ. ಈ ಗಾಯ ಹೆಣ್ಣುಮಕ್ಕಳಲ್ಲಿ ಗಂಡಸರಿಗಿಂತ ಬಹಳ ಹೆಚ್ಚು. ದಣಿದ ಕಾಲು, ತಡವಾಗಿ ಶುರುವಾದ ತರಬೇತಿ, ಗಟ್ಟಿ ನೆಲ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆದರೆ ಉನ್ನತ ಮಟ್ಟದಲ್ಲಿ ಕನಿಷ್ಠ 12 ದಿನ, ನಿಮ್ಮಂಥ ಸ್ಥಳೀಯ ಲೀಗುಗಳಲ್ಲಿ 21 ದಿನ ಕಳೆಯದೆ ಪಂದ್ಯಕ್ಕೆ ಮರಳುವಂತಿಲ್ಲ. ಪಂದ್ಯಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದೇ ಪೆಟ್ಟಿಗೆ ಹೆಚ್ಚು ಪಂದ್ಯ ಹೋಗುತ್ತವೆ, ಆಗ ಪೆಟ್ಟನ್ನು ಮುಚ್ಚಿಡುವ ಆಸೆ ಹುಟ್ಟುತ್ತದೆ. ಹುಡುಗಿ ಸುಳ್ಳು ಹೇಳುವ ಸ್ಥಿತಿಗೆ ಅವಳನ್ನು ತಳ್ಳುವ ಪಟ್ಟಿ ಬರೆಯಬೇಡ.

ಇನ್ನು ನಿಯಮ. ಹೆಂಗಸರ ಲೀಗಿನಲ್ಲಿ ಒಂದು ಕಡೆ 16 ಜನ, ಗಂಡಸರಲ್ಲಿ 18. ಕ್ವಾರ್ಟರ್‌ನ ಅವಧಿ ಗಂಡಸರದಕ್ಕಿಂತ ಕಡಿಮೆ. ಚೆಂಡು ಒಂದು ಅಳತೆ ಚಿಕ್ಕದು. ಮೈದಾನ ಮಾತ್ರ ಅದೇ ದೊಡ್ಡದು. ಇಷ್ಟೆಲ್ಲ ವ್ಯತ್ಯಾಸ ಇಟ್ಟು, ಕೊನೆಗೆ ಅಂಕಗಳನ್ನು ಮಾತ್ರ ಗಂಡಸರ ಅಂಕಗಳ ಪಕ್ಕದಲ್ಲಿಟ್ಟು ಅಳೆಯುತ್ತಾರೆ. 2022ರ ನವೆಂಬರಿನ ಗ್ರ್ಯಾಂಡ್ ಫೈನಲ್‌ನಲ್ಲಿ ಡೈಸಿ ಪಿಯರ್ಸ್ ನಾಯಕತ್ವದ ಮೆಲ್ಬರ್ನ್ ಬ್ರಿಸ್ಬೇನ್ ತಂಡವನ್ನು 19-15ರಿಂದ ಸೋಲಿಸಿತು. ಅಂಕ ಕಡಿಮೆ, ನಿಜ. ಒಂದೇ ಗೋಲಿನಲ್ಲಿ ಕಪ್ ಕೈಬದಲಾಗುವಂಥ ಪಂದ್ಯವನ್ನು ಸಪ್ಪೆ ಎನ್ನುವವರಿಗೆ ಆಟ ನೋಡುವ ಕಣ್ಣಿಲ್ಲ.

ಅಂಕ ಹೆಚ್ಚಿಸುವ ಅವಸರಕ್ಕೆ ಬಿದ್ದರೆ ಏನಾಗುತ್ತದೆಂದು 2018 ತೋರಿಸಿತು. ಋತುವಿನ ಮೊದಲ ಪಂದ್ಯದಲ್ಲಿ ಗೋಲು ಕಡಿಮೆ ಬಂತು, ಚೆಂಡಿನ ಸುತ್ತ ಎಲ್ಲರೂ ಮುತ್ತಿಕೊಂಡರು. ಒಡನೆಯೇ ಲೀಗಿನ ಕಚೇರಿಯಿಂದ ಕ್ಲಬ್ಬುಗಳಿಗೆ ಪತ್ರ ಹೋಯಿತು: ಗುಂಪು ಕಡಿಮೆ ಮಾಡಿ, ಗೋಲಿನ ಕಡೆ ಆಟಗಾರ್ತಿಯರನ್ನು ಉಳಿಸಿ ಎಂದು. ಇಡೀ ಋತುವಿಗೆ ಇದ್ದದ್ದೇ ಏಳು ವಾರ. ತಿಂಗಳುಗಟ್ಟಲೆ ಸಂಜೆಗಳಲ್ಲಿ ಕಲಿತ ತಂತ್ರವನ್ನು ಕೋಚ್‌ಗಳು ಒಂದೇ ವಾರದಲ್ಲಿ ಬದಲಿಸಬೇಕಾಯಿತು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ನಿಯಮ ಮಾಡಬಾರದು. ಮುಂದೆ ಮೈದಾನದ ನಡುವೆ ಚೆಂಡು ಹಾಕಿ ಆಟ ಶುರುಮಾಡುವ ಹೊತ್ತಿಗೆ 5-6-5ರಂತೆ, ಎರಡು ತುದಿಗೂ ಐದೈದು, ನಡುವೆ ಆರು ಜನ ನಿಲ್ಲುವುದು ನಿಯಮವಾಗಿಯೇ ಬಂತು. 2018ರ ಬದಲಾವಣೆಯನ್ನೂ ಎಲ್ಲರಿಗೂ ಮೊದಲೇ ತಿಳಿಸಿ, ಋತು ಶುರುವಾಗುವ ಮುನ್ನವೇ ತಂದಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಹೊಸ ನಿಯಮವೇ ಬೇಡ ಎನ್ನುವವಳಲ್ಲ ನಾನು. ಎರಡೂ ತುದಿಯ 50 ಮೀಟರ್ ಗೆರೆಗಳ ನಡುವೆ ಚೆಂಡು ಅಂಚು ದಾಟಿದರೆ, ಕೊನೆಗೆ ಒದ್ದ ಅಥವಾ ಗುದ್ದಿದ ತಂಡದ ಎದುರಾಳಿಗೆ ಫ್ರೀ ಕಿಕ್ ಎಂಬ ನಿಯಮ ಹೆಂಗಸರ ಲೀಗಿನಲ್ಲಿ ವರ್ಷಗಳಿಂದ ಇದೆ. ಆಟ ನಿಂತು ನಿಂತು ಸಾಗುವುದು ಅದರಿಂದ ತಪ್ಪಿತು, ಅಂಚಿನಲ್ಲಿ ಗುಂಪುಗೂಡುವುದು ಕಡಿಮೆಯಾಯಿತು. 2026ರ ಋತುವಿಗೆ ಗಂಡಸರ ಎಎಫ್‌ಎಲ್ ಕೂಡ ಅದನ್ನೇ ತೆಗೆದುಕೊಂಡಿತು. ಹೆಂಗಸರ ಲೀಗನ್ನು ಗಂಡಸರದರ ಚಿಕ್ಕ ನಕಲು ಎಂದು ತಿಳಿದವರು ಇದನ್ನು ಗಮನಿಸಬೇಕು.

ನಿನ್ನ ಕೆಲಸಕ್ಕೆ ಬರೋಣ. ನಿಮ್ಮ ಲೀಗಿನಲ್ಲಿ ಕೆಲವು ತಂಡಗಳಿಗೆ ಇಪ್ಪತ್ತೈದು ಹುಡುಗಿಯರು, ಕೆಲವಕ್ಕೆ ಹದಿಮೂರು. ಸಂಖ್ಯೆ ಕಡಿಮೆಯಾದ ದಿನ ಪಂದ್ಯ ಬಿಟ್ಟುಕೊಡಿಸಬೇಡ, ಎರಡೂ ಕಡೆ ಸಮ ಸಂಖ್ಯೆ ಮಾಡಿ ಆಡಿಸು. ಮೊದಲ ಮೂರ್ನಾಲ್ಕು ವಾರ ನೋಡಿ ತಂಡಗಳನ್ನು ಮತ್ತೆ ವಿಭಾಗಿಸುವ ಅವಕಾಶವನ್ನು ಪಟ್ಟಿಯಲ್ಲೇ ಇಡು. ನೂರು ಅಂಕಗಳಿಂದ ಸೋತು ಸೋತು ಹದಿನಾಲ್ಕರ ಹುಡುಗಿ ಬೂಟು ಕಳಚಿಟ್ಟರೆ ಮರಳಿ ತೊಡುವುದಿಲ್ಲ. ದೀಪವಿರುವ ಒಳ್ಳೆಯ ಮೈದಾನ ಎಲ್ಲ ವಾರವೂ ಹುಡುಗರಿಗೇ ಹೋಗದಂತೆ ನೋಡಿಕೊ, ಬಟ್ಟೆ ಬದಲಿಸುವ ಕೋಣೆಗೆ ಬಾಗಿಲು, ಚಿಲಕ ಇದೆಯೇ ಎಂದು ಹೋಗಿ ನೋಡಿ ಬಾ. ಪರೀಕ್ಷೆಯ ವಾರ, ರಜೆಯ ವಾರ ಗುರುತು ಹಾಕು. ಹೊಸ ನಿಯಮ ಯಾವುದಾದರೂ ಬೇಕೆನಿಸಿದರೆ ಅಭ್ಯಾಸ ಪಂದ್ಯದಲ್ಲಿ ಪರೀಕ್ಷಿಸು, ಋತುವಿನ ನಡುವೆ ಕೈ ಹಾಕಬೇಡ. ಸಮಿತಿಯಲ್ಲಿ ಹಿರಿಯರು ‘ಮೊದಲಿಂದ ಹೀಗೇ ನಡೆದುಬಂದಿದೆ’ ಎಂದರೆ ಗೌರವದಿಂದಲೇ ಕಾರಣ ಕೇಳು. ಕಾರಣ ಸರಿಯಿದ್ದರೆ ಒಪ್ಪಿಕೊ, ಇಲ್ಲದಿದ್ದರೆ ನಿನ್ನ ಅಸಮ್ಮತಿಯನ್ನು ಸಭೆಯ ನಡಾವಳಿಯಲ್ಲಿ ಬರೆಸು.

ಇದೊಂದನ್ನು ನನಗೋಸ್ಕರ ಮಾಡು, ಮಗಳೇ. ಕರಡು ಸಿದ್ಧವಾದ ದಿನ ಅದನ್ನು ಸಮಿತಿಗೆ ಒಯ್ಯುವ ಮುನ್ನ ಎಲ್ಲ ತಂಡಗಳ ನಾಯಕಿಯರನ್ನೂ ಒಂದು ಸಂಜೆ ಕರೆದು ಕೂರಿಸು. ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗುವ ಹೊತ್ತು ಇಟ್ಟುಕೊ. ಪಟ್ಟಿಯನ್ನು ಅವರ ಮುಂದೆ ಹರಡಿ, ಯಾವ ವಾರ ಯಾರಿಗೆ ಆಗದು ಎಂದು ಅವರ ಬಾಯಿಂದಲೇ ಕೇಳಿ ತಿದ್ದು. ಸಹಿ ಅದಾದ ಮೇಲೆ ಹಾಕು.