ಯೆಜ್ಡಿ ಕೊಂಡವನಿಗೆ ನಾಲ್ಕು ಮಾತು

ಹಳೇ ಯೆಜ್ಡಿ ತಂದಿದ್ದೀಯ, ಮನೆಯಲ್ಲೇ ಬಿಚ್ಚಿ ಸರಿ ಮಾಡುತ್ತೀಯ ಅಂತ ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ಅದು ನಮ್ಮ ಮೈಸೂರಿನ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಮೊದಲು ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ ಬಂತು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆದ್ದರಿಂದ ನಿನ್ನ ಗಾಡಿಯ ಒಂದು ಭಾಗ ಹಾಳಾದರೆ ಅದನ್ನು ಮಾಡಿಕೊಟ್ಟ ಜಾಗದಿಂದ ಇನ್ನೊಂದು ಬರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಹೇಳುವ ಒಂದೇ ಸೂತ್ರ ಕೇಳು: ಮಾಡಿದ ಮೇಲೆ ಹಿಂದಕ್ಕೆ ತರಲು ಆಗದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊ. ಕೊಯ್ಯುವುದು, ಕೊರೆಯುವುದು, ಉಜ್ಜುವುದು, ಬಿಸಾಡುವುದು ಎಲ್ಲಾ ಆ ಜಾತಿಯವೇ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರ ನೋಡು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲೆ ಇರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇಷ್ಟು ವರ್ಷದಲ್ಲಿ ಯಾರೋ ಇಂಜಿನ್ ಕೇಸ್ ಬದಲಿಸಿದ್ದರೆ ಅದು ಈಗಲೇ ಗೊತ್ತಾಗಲಿ. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅದು ತಪ್ಪಿಹೋಗಿದ್ದರೆ ದುಡ್ಡು ಸುರಿಯುವ ಮುಂಚೆಯೇ ಆರ್‌ಟಿಓ ಕಚೇರಿಗೆ ಹೋಗಿ ವಿಚಾರಿಸು. ಎರಡೂ ನಂಬರಿನ ಫೋಟೋ ತೆಗೆದಿಡು. ಫ್ರೇಮನ್ನು ಸ್ಯಾಂಡ್‌ಬ್ಲಾಸ್ಟಿಂಗಿಗೋ ಕೇಸನ್ನು ಬಫಿಂಗಿಗೋ ಕೊಡುವಾಗ ನಂಬರ್ ಇರುವ ಜಾಗಕ್ಕೆ ಟೇಪ್ ಸುತ್ತಿ, ಇಲ್ಲಿ ಮುಟ್ಟಬೇಡಿ ಅಂತ ಬಾಯಿಬಿಟ್ಟು ಹೇಳು. ನಂಬರ್ ಅಳಿಸಿಹೋದ ಗಾಡಿ ಎಷ್ಟೇ ಹೊಳೆದರೂ ರಸ್ತೆಗೆ ತರುವುದು ಕಷ್ಟ.

ಬಹಳ ಜನ ಮೊದಲು ಟ್ಯಾಂಕ್ ಬಿಚ್ಚಿ ಪೇಂಟಿಗೆ ಕೊಡುತ್ತಾರೆ. ನೀನು ಹಾಗೆ ಮಾಡಬೇಡ. ಇಂಜಿನ್ ಇಳಿಸಿ ಏರಿಸುವಾಗ ಹೊಸ ಬಣ್ಣಕ್ಕೆ ಗೀರು ಬೀಳುತ್ತದೆ, ಪೆಟ್ರೋಲ್ ಕಾಕ್ ಸೋರಿದರೆ ಬಣ್ಣ ಏಳುತ್ತದೆ. ಹಳೇ ಬಣ್ಣದಲ್ಲೇ ಗಾಡಿ ಓಡಲಿ. ಟು-ಟಿ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿ, ಕಾರ್ಬುರೇಟರ್ ಬಿಚ್ಚಿ ಜೆಟ್ಟುಗಳಿಗೆ ಗಾಳಿ ಹೊಡೆದು, ಪಾಯಿಂಟ್ ಒರೆಸಿ, ಅದರ ಗ್ಯಾಪನ್ನು ಫೀಲರ್ ಗೇಜಿನಲ್ಲಿ ಸುಮಾರು 0.4 ಮಿಲಿಮೀಟರಿಗೆ ತಂದು ಕಿಕ್ ಹೊಡೆದು ನೋಡು. ಒಮ್ಮೆ ಸ್ಟಾರ್ಟ್ ಆಯಿತು ಅಂದರೆ ಇಂಜಿನ್ನೇ ತನ್ನ ಕಾಯಿಲೆ ಹೇಳಲು ಶುರು ಮಾಡುತ್ತದೆ. ಬಿಚ್ಚಿ ಹರವಿದ ಮೇಲೆ ಆ ಮಾತು ಕೇಳಿಸುವುದಿಲ್ಲ.

ಈ ಕಾಯಿಲೆಗಳಲ್ಲಿ ಒಂದನ್ನು ಚೆನ್ನಾಗಿ ತಿಳಿದುಕೊ, ಅದು ಕ್ರ್ಯಾಂಕ್ ಸೀಲಿನದು. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಬೆರೆತ ಗಾಳಿ ಮೊದಲು ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಿಸಿಕೊಂಡು ಮೇಲಕ್ಕೆ ಹೋಗುತ್ತದೆ. ಅದಕ್ಕೇ ಕೇಸು ಗಾಳಿ ಆಡದಷ್ಟು ಬಿಗಿ ಇರಬೇಕು. ಗಾಡಿ ವರ್ಷಗಟ್ಟಲೆ ನಿಂತರೆ ಎರಡೂ ಬದಿಯ ರಬ್ಬರ್ ಸೀಲು ಗಟ್ಟಿಯಾಗಿಬಿಡುತ್ತದೆ. ಕ್ಲಚ್ ಕಡೆಯ ಸೀಲು ಹೋಗಿದ್ದರೆ ಇಂಜಿನ್ನು ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ: ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್‌ಬಾಕ್ಸಿನ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಡೈನಮೋ ಕಡೆಯದು ಹೋಗಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಪಿಸ್ಟನ್ ಕಾಯ್ದು ಕಾಯ್ದು ಕೊನೆಗೆ ಹಿಡಿದುಕೊಳ್ಳುತ್ತದೆ. ಇದನ್ನು ಕಾರ್ಬುರೇಟರಿನ ದೋಷ ಅಂದುಕೊಂಡು ಸ್ಕ್ರೂ ತಿರುಗಿಸುತ್ತಾ ಕೂರುವವರು ಬಹಳ. ಸೀಲು ಸರಿಮಾಡದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಬೋರಿಂಗಿನ ವಿಷಯಕ್ಕೂ ಅದೇ ಸೂತ್ರ. ನಿನ್ನ 250ರ ಸಿಲಿಂಡರ್ ಹೊಸದರಲ್ಲಿ 65 ಮಿಲಿಮೀಟರ್ ಅಗಲ ಇತ್ತು. ಪ್ರತಿ ಸಲ ಬೋರ್ ಮಾಡಿದಾಗ ಒಂದಿಷ್ಟು ಲೋಹ ಹೋಗುತ್ತದೆ, ಮತ್ತೆ ಕೂಡುವುದಿಲ್ಲ. ಮೆಕ್ಯಾನಿಕ್ ಹೇಳಿದ ಅಂತ ಸುಮ್ಮನೆ ಬೋರ್ ಮಾಡಿಸಬೇಡ, ಅಳೆಸು. ಅಳೆದ ಮೇಲೆ ಬೇಕೇ ಬೇಕು ಅನ್ನಿಸಿದರೆ, ಪಿಸ್ಟನ್ ಮೊದಲು ಕೊಂಡು, ಅದನ್ನು ಕೈಯಲ್ಲಿ ಹಿಡಿದುಕೊಂಡು ಲೇತ್ ಅಂಗಡಿಗೆ ಹೋಗು. ಡಬ್ಬದ ಮೇಲಿನ ಅಳತೆಗೆ ಬೇಡ, ಆ ಪಿಸ್ಟನ್ನಿನ ಅಳತೆಗೇ ಬೋರ್ ಆಗಲಿ.

ಬಿಚ್ಚುವಾಗ ಅವಸರ ಬೇಡ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆ, ಬೋಲ್ಟು ವಾಷರುಗಳನ್ನು ಬೇರೆಬೇರೆ ಕವರಿಗೆ ಹಾಕಿ ಹೆಸರು ಬರೆ. ಕೇಸಿನ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್, ಕ್ಲಚ್ಚಿಗೆ ಸರಿಯಾದ ಪುಲ್ಲರ್ ಬೇಕೇ ಬೇಕು. ಉಳಿ ಸುತ್ತಿಗೆಯಲ್ಲಿ ಹೊಡೆದು ಕೇಸ್ ಸೀಳಿದರೆ ಬದಲಿ ಕೇಸಿಗೆ ಬೇರೆ ನಂಬರ್ ಇರುತ್ತದೆ, ಮತ್ತೆ ಆರ್‌ಸಿ ತಲೆನೋವು. ಕೆಟ್ಟ ಭಾಗವನ್ನು ಗುಜರಿಗೆ ಹಾಕಬೇಡ. ಈಗ ಅಂಗಡಿಯಲ್ಲಿ ಸಿಗುವ ನಕಲು ಸಾಮಾನು ಎಷ್ಟೋ ಸಲ ಅಳತೆಗೆ ಕೂರುವುದಿಲ್ಲ. ಹೊಸದು ಕೂತು, ಗಾಡಿ ಓಡಿ, ನಿನಗೆ ಸಮಾಧಾನ ಆಗುವವರೆಗೂ ಹಳೆಯದು ಪೆಟ್ಟಿಗೆಯಲ್ಲಿರಲಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ ಬಾ. ಹಳೇ ಅಸಲಿ ಸಾಮಾನು ಕಣ್ಣಿಗೆ ಬಿದ್ದರೆ ಸವೆದಿದೆಯೇ ನೋಡಿ ಕೊಳ್ಳು.

ಮನೆಯಲ್ಲಿ ಕೆಲಸ ಮಾಡುವಾಗ ಮೂರು ವಿಷಯದಲ್ಲಿ ನನ್ನ ಮಾತು ಮೀರಬೇಡ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಬೇಡ. ಪೆಟ್ರೋಲ್ ಚೆಲ್ಲಿದ ಮೇಲೂ ಒಳಗೆ ಆವಿ ಉಳಿದು ಸಿಡಿಯುತ್ತದೆ, ಆ ಕೆಲಸ ಗೊತ್ತಿರುವವರಿಗೇ ಕೊಡು. ಹಳೇ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ಧೂಳನ್ನು ಊದಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಟ್ಯಾಂಕಿನ ತುಕ್ಕಿಗೆ ಆಸಿಡ್ ಬಳಸಿದರೆ ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ ಮಾಡು, ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆ.

ಇನ್ನು ಮಾಡಿಫಿಕೇಶನ್. ನಿನ್ನ ವಯಸ್ಸಿಗೆ ಆಸೆ ಸಹಜ, ನಾನು ಬೇಡ ಅನ್ನುವುದಿಲ್ಲ. ಆದರೆ ಬೋಲ್ಟಿನಲ್ಲಿ ಕೂರುವುದನ್ನು ಮಾಡು, ಬ್ಲೇಡಿನಲ್ಲಿ ಕೊಯ್ಯುವುದನ್ನು ಬಿಡು. ಹಳೇ 6 ವೋಲ್ಟ್ ಡೈನಮೋ ಬೆಳಕಿನಲ್ಲಿ ರಾತ್ರಿ ಓಡಾಡುವುದು ಅಪಾಯ. 12 ವೋಲ್ಟಿನ ಸಿಡಿಐ ಕಿಟ್ ಹಾಕಿಸಿ, ಬಿಚ್ಚಿದ ಡೈನಮೋವನ್ನು ಎಣ್ಣೆ ಹಚ್ಚಿ ಸುತ್ತಿಡು. ಬೇಕೆಂದಾಗ ಮತ್ತೆ ಕೂರಿಸಬಹುದು. ಒಳ್ಳೆ ಬ್ರೇಕ್ ಲೈನರ್, ಹೊಸ ಟೈರು, ಹೊಸ ಕೇಬಲ್ಲು, ಪೆಟ್ರೋಲ್ ಫಿಲ್ಟರ್ ಕಣ್ಣು ಮುಚ್ಚಿ ಹಾಕಿಸು. ವೇಗ ಹೆಚ್ಚಿಸುವ ಯೋಚನೆಗಿಂತ ಮೊದಲು ನಿಲ್ಲಿಸುವ ಯೋಚನೆ ಬರಲಿ.

ಸೈಲೆನ್ಸರ್ ಮಾತ್ರ ಕೊಯ್ಯಬೇಡ. ಟು-ಸ್ಟ್ರೋಕಿನಲ್ಲಿ ಸೈಲೆನ್ಸರ್ ಸದ್ದು ಅಡಗಿಸುವ ಕೊಳವೆ ಮಾತ್ರವಲ್ಲ, ಇಂಜಿನ್ನಿನ ಒಂದು ಅಂಗ. ಹೊರಗೆ ಹೋಗುವ ಹೊಗೆಯ ಒತ್ತಡ ಅದರ ಆಕಾರಕ್ಕೆ ತಗುಲಿ ವಾಪಸ್ ಬಂದು, ಸುಡದೆ ತಪ್ಪಿಸಿಕೊಳ್ಳುವ ಪೆಟ್ರೋಲನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಒಳಗಿನ ಬ್ಯಾಫಲ್ ಕಿತ್ತರೆ ಸದ್ದು ಜೋರಾಗುತ್ತದೆ, ಕಡಿಮೆ ವೇಗದ ಎಳೆತ ಕುಗ್ಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಎಳೆಯುತ್ತಿಲ್ಲ ಅನ್ನಿಸಿದರೆ ಬ್ಯಾಫಲ್ ಹೊರತೆಗೆದು, ಕಟ್ಟಿರುವ ಮಸಿ ಕೆರೆದು ಮತ್ತೆ ಅಲ್ಲೇ ಹಾಕು.

ಕಾನೂನೂ ಇದೆ. ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕಾಯ್ದೆಯ ಪ್ರಕಾರ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ ಬೀಳಬಹುದು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಫ್ರೇಮ್ ಕೊಯ್ದವರಿಗೆ ಆ ಬಾಗಿಲು ಮುಚ್ಚಿದಂತೆಯೇ.

ಓಡಿಸುವಾಗ ಇನ್ನೊಂದೆರಡು ಎಚ್ಚರ. ನಿನ್ನದು ಆಯಿಲ್ ಕಿಂಗ್ ಮಾಡೆಲ್ ಆಗಿದ್ದರೆ ಅದಕ್ಕೆ ಬೇರೆ ಆಯಿಲ್ ಪಂಪ್ ಇರುತ್ತದೆ. ಹಳೇ ಮಾಲೀಕರು ಅದನ್ನು ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದರೇ ಅಂತ ಕೇಳಿಕೊ. ಪಂಪ್ ಇಲ್ಲದ ಗಾಡಿಗೆ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಉಳಿಯುವುದಿಲ್ಲ. ಹೊಸ ಬೋರಿಗೆ ಲೀಟರಿಗೆ 40 ಎಂಎಲ್ ಟು-ಟಿ ಆಯಿಲ್ ಬೆರೆಸು, ಬೋರ್ ಹದವಾಗುವವರೆಗೆ ಜೋರು ಮಾಡಬೇಡ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೇ ರಬ್ಬರ್ ಪೈಪು ವಾಷರುಗಳನ್ನು ಹಾಳುಮಾಡುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿಯವರೆಲ್ಲ ಸೇರುತ್ತಾರೆ. ಗಾಡಿ ಮುಗಿಯದಿದ್ದರೂ ಹೋಗು, ಪ್ರಶ್ನೆ ಕೇಳು. ಈ ಗಾಡಿ ಇಟ್ಟವರು ತಿಳಿದದ್ದನ್ನು ಬಚ್ಚಿಡುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್ ಇಡು. ಯಾವ ಸೀಲು, ಯಾವ ಅಳತೆಯ ಪಿಸ್ಟನ್, ಯಾವತ್ತು ಹಾಕಿದ್ದು, ಬಿಚ್ಚಿದ್ದು ಯಾವ ಪೆಟ್ಟಿಗೆಯಲ್ಲಿದೆ, ಎಲ್ಲಾ ಬರೆ. ನಾಳೆ ಈ ಗಾಡಿ ಯಾರ ಕೈಗೆ ಹೋದರೂ ಅವರಿಗೆ ನಿನ್ನಷ್ಟು ಪರದಾಟ ಇರಬಾರದು.

ಈ ಭಾನುವಾರಕ್ಕೆ ಇಷ್ಟು ಸಾಕು: ನಂಬರುಗಳ ಫೋಟೋ ತೆಗೆ, ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡು, ಕಪ್ಪೋ ಬಿಳಿಯೋ ಕಂದೋ ನನಗೆ ಫೋನ್ ಮಾಡಿ ಹೇಳು. ಮುಂದಿನದನ್ನು ಅಲ್ಲಿಂದ ಶುರು ಮಾಡೋಣ.