ಸ್ವಪ್ರಯತ್ನದಿಂದ ಲೇಖಕಿಯಾದ ಝೆಮಾಯ್ತೆ

ಯೂರೋಪು ಖಂಡದ ಭೂಪಟದಲ್ಲಿ ಬಾಲ್ಟಿಕ್ ಸಮುದ್ರದ ಪೂರ್ವತೀರವನ್ನು ನೋಡಿದರೆ ಲಿಥುವೇನಿಯಾ ಎಂಬ ಚಿಕ್ಕ ದೇಶವು ಕಾಣುವುದು. ಅದರ ವಾಯವ್ಯ ಭಾಗದ ಸೀಮೆಗೆ ಝೆಮಾಯ್ತಿಯಾ ಎಂದು ಹೆಸರು. ‘ಝೆಮಾಯ್ತೆ’ ಎಂದರೆ ಆ ಸೀಮೆಯ ಹೆಂಗಸು ಎಂದಷ್ಟೇ ಅರ್ಥ. ಇಷ್ಟು ಸಾಧಾರಣವಾದ ಹೆಸರನ್ನಿಟ್ಟುಕೊಂಡು ಕಥೆಗಳನ್ನು ಬರೆದ ರೈತಗಿತ್ತಿಯೊಬ್ಬಳು ಇಂದು ತನ್ನ ದೇಶದ ಶ್ರೇಷ್ಠ ಲೇಖಕರ ಸಾಲಿನಲ್ಲಿದ್ದಾಳೆ. ಆಕೆಗೆ ಕ್ರಮವಾದ ಶಾಲಾವಿದ್ಯಾಭ್ಯಾಸವೇ ದೊರೆಯಲಿಲ್ಲ. ಮೊದಲನೆಯ ಕಥೆಯು ಅಚ್ಚಾದಾಗ ಆಕೆಯ ವಯಸ್ಸು ಐವತ್ತನ್ನು ಸಮೀಪಿಸಿತ್ತು. ಮದುವೆಯಾದ ಕೂಡಲೇ ತಮ್ಮ ಓದು ಮುಗಿಯಿತೆಂದು ಎಣಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಅವರ ತಾಯಿತಂದೆಗಳೂ ಈಕೆಯ ಚರಿತ್ರೆಯನ್ನು ತಿಳಿಯುವುದು ಉಚಿತವಾಗಿದೆ.

ಈಕೆಯ ನಿಜನಾಮವು ಯೂಲಿಯಾ. 1845ರಲ್ಲಿ ಪ್ಲುಂಗೆ ಎಂಬ ಊರಿನ ಸಮೀಪದ ಬುಕಾಂತೆಯಲ್ಲಿ ಹುಟ್ಟಿದಳು. ತಾಯಿತಂದೆಗಳು ಕುಲೀನರಾದರೂ ಬಡವರು. ತಂದೆಯು ಜಮೀನ್ದಾರರೊಬ್ಬರ ಪಾರುಪತ್ಯಗಾರನಾಗಿದ್ದನು. ಕುಲೀನರ ಮನೆಮಾತು ಪೋಲಿಷ್ ಭಾಷೆ. ಜೀತದಾಳುಗಳು ಆಡುತ್ತಿದ್ದ ಲಿಥುವೇನಿಯನ್ ಭಾಷೆಯು ಕೀಳೆಂದು ಎಣಿಸಲ್ಪಟ್ಟಿತ್ತು. ಆ ಜನರ ಮಕ್ಕಳೊಡನೆ ಆಡಬಾರದೆಂದು ಮಗುವಿಗೆ ಕಟ್ಟಪ್ಪಣೆಯಿತ್ತು. ಆದರೆ ಆಕೆ ಆ ಮಕ್ಕಳ ಸಂಗಡವೇ ಬೆರೆತು ಅವರ ಮಾತನ್ನು ಕಲಿತಳು. ಮನೆಯಲ್ಲಿಯೂ ಬಂಧುಗಳ ಬಳಿಯಲ್ಲಿಯೂ ಓದುಬರಹವನ್ನು ಅಷ್ಟಿಷ್ಟು ಕಲಿತು, ಮಿಕ್ಕುದನ್ನು ಕೈಗೆ ಸಿಕ್ಕಿದ ಪುಸ್ತಕಗಳಿಂದ ತಾನೇ ಸಂಪಾದಿಸಿಕೊಂಡಳು.

ಆಗ ಲಿಥುವೇನಿಯಾವು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. 1861ರಲ್ಲಿ ಜೀತಪದ್ಧತಿಯು ರದ್ದಾಯಿತು. 1863ರಲ್ಲಿ ದಂಗೆಯೆದ್ದ ದೇಶಭಕ್ತರಿಗೆ ತರುಣಿಯಾದ ಯೂಲಿಯಾ ನೆರವಾದಳು. 1865ರಲ್ಲಿ ಲೌರಿನಾಸ್ ಝೀಮಾಂತಾಸ್ ಎಂಬ, ಹಿಂದೆ ಜೀತದಾಳಾಗಿದ್ದವನನ್ನು ಮದುವೆಯಾದಳು. ಕುಲೀನ ಮನೆತನದ ಹುಡುಗಿಯು ಹೀಗೆ ಮಾಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರುಷ ಪರರ ಭೂಮಿಯನ್ನು ಗುತ್ತಿಗೆಗೆ ಹಿಡಿದು ಬೇಸಾಯ ಮಾಡುವುದು, ಹಸು ಕರೆಯುವುದು, ಮಕ್ಕಳನ್ನು ಸಾಕುವುದು, ಬಡತನದೊಡನೆ ಹೆಣಗುವುದು, ಇದೇ ಆಕೆಯ ಜೀವಿತವಾಯಿತು.

ಆ ದಂಗೆಯನ್ನಡಗಿಸಿದ ಬಳಿಕ ಸರಕಾರವು ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕಗಳನ್ನು ಅಚ್ಚುಮಾಡುವುದನ್ನು ನಿಷೇಧಿಸಿತು. 1864ರಿಂದ 1904ರ ವರೆಗೆ, ನಲವತ್ತು ವರುಷ, ಈ ನಿಷೇಧವು ನಡೆಯಿತು. ಜನರು ಗಡಿಯಾಚೆ ಪ್ರಶ್ಯದಲ್ಲಿ ಪುಸ್ತಕಗಳನ್ನು ಅಚ್ಚುಮಾಡಿಸಿ ಗುಟ್ಟಾಗಿ ಹೊತ್ತು ತರುತ್ತಿದ್ದರು. ಸಿಕ್ಕಿಬಿದ್ದವರಿಗೆ ಸೆರೆಮನೆ, ಇಲ್ಲವೆ ಗಡೀಪಾರು. ಅಕ್ಷರವೆಂಬುದು ಪ್ರಾಣದಷ್ಟು ಬೆಲೆಯುಳ್ಳದ್ದೆಂದು ಆ ಜನರು ಅರಿತಿದ್ದರು.

ಯೂಲಿಯಾಳ ಸಂಸಾರವು 1883ರ ಸುಮಾರಿಗೆ ಉಶ್ನೇನಾಯ್ ಎಂಬ ಹಳ್ಳಿಗೆ ಬಂದು ನೆಲೆಸಿತು. ಪೊವಿಲಾಸ್ ವಿಶಿನ್ಸ್ಕಿಸ್ ಎಂಬ ನೆರೆಮನೆಯ ಹುಡುಗನು ಪಟ್ಟಣದಲ್ಲಿ ಓದುತ್ತ, ಇಂತಹ ನಿಷಿದ್ಧ ಪುಸ್ತಕಗಳನ್ನು ಹಳ್ಳಿಗೆ ತಂದು ಕೊಡುತ್ತಿದ್ದನು. ಆಕೆ ಅವುಗಳನ್ನು ಓದಿ, ತಾನು ಕಂಡ ಜೀವನವನ್ನೂ ಬರೆಯಬಹುದೆಂದು ನೆನೆದಳು. ತನಗಿಂತ ಮೂವತ್ತು ವರುಷ ಕಿರಿಯನಾದ ಆ ವಿದ್ಯಾರ್ಥಿಯು ‘ಬರೆಯಿರಿ’ ಎಂದು ಪ್ರೋತ್ಸಾಹಿಸಿದನು. ಭಾಷಾಪಂಡಿತನಾದ ಯೋನಾಸ್ ಯಾಬ್ಲೋನ್ಸ್ಕಿಸನು ಹಸ್ತಪ್ರತಿಯನ್ನು ತಿದ್ದಿದನು. ಹೀಗೆ ‘ಶರತ್ಕಾಲದ ಸಂಜೆ’ ಎಂಬ ಅರ್ಥದ ಹೆಸರುಳ್ಳ ಮೊದಲ ಕಥೆಯು 1895ನೆಯ ವರ್ಷದ ಪಂಚಾಂಗದಲ್ಲಿ ಪ್ರಕಟವಾಯಿತು. ಉಪ್ಪು, ಬೀಜ, ಸಂತೆಗಳ ಮಾತಿನ ನಡುವೆ ರೈತರು ತಮ್ಮದೇ ಬಾಳಿನ ಕಥೆಯನ್ನು ಓದುವಂತಾಯಿತು.

ಆಕೆಯ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1896ರಲ್ಲಿ ಹೊರಬಂದ ‘ಮಾರ್ತಿ’. ಈ ಶಬ್ದಕ್ಕೆ ‘ಸೊಸೆ’ ಎಂದು ಅರ್ಥ. ಕಾತ್ರೆ ಎಂಬ ಕೆಲಸಗಾತಿ ಹುಡುಗಿಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ವಿಂಗಿಸ್ ಎಂಬವರ ಮನೆಗೆ ಕೊಡುತ್ತಾರೆ. ಆ ಮನೆಯವರಿಗೆ ಬೇಕಾದುದು ವರದಕ್ಷಿಣೆಯ ಹಣ. ಗಂಡನು ಸೋಮಾರಿ, ಕುಡುಕ. ಮನೆಯು ಕೊಳಕು, ಪಾಳು. ಕಾತ್ರೆಯು ಗುಡಿಸಿ, ಸಾರಿಸಿ, ದುಡಿದು ಆ ಮನೆಯನ್ನು ಎತ್ತಿ ನಿಲ್ಲಿಸಲು ಯತ್ನಿಸುತ್ತಾಳೆ. ದೊರೆಯುವುದು ಬೈಗಳು ಮಾತ್ರ. ಕೊನೆಗೆ ಆಕೆ ಸಾಯುತ್ತಾಳೆ. ಲೇಖಕಿಯು ಎಲ್ಲಿಯೂ ಉಪದೇಶ ಮಾಡುವುದಿಲ್ಲ, ಅಳುವುದೂ ಇಲ್ಲ. ಒಲೆ, ಪಾತ್ರೆ, ಅಂಗಳದ ಕೆಸರು, ಅತ್ತೆಯ ನುಡಿ, ಇವುಗಳನ್ನು ಇದ್ದಂತೆ ಮುಂದಿಡುತ್ತಾಳೆ. ಹಣಕ್ಕಾಗಿ ನಡೆದ ಮದುವೆಯು ಏನಾಗುವುದೆಂದು ಓದಿದವರೇ ತಿಳಿಯುತ್ತಾರೆ. ವಾಸ್ತವಿಕ ಸಾಹಿತ್ಯವೆಂದರೆ ಇದೇ. ಮಗಳ ಮದುವೆಯನ್ನು ನಿಶ್ಚಯಿಸುವ ತಂದೆಯು ಓದಬೇಕಾದ ಕಥೆಯಿದು.

ಗಾಬ್ರಿಯೆಲೆ ಪೆಟ್ಕೆವಿಚಾಯ್ತೆ ಎಂಬ ಲೇಖಕಿಯೊಡನೆ ಸೇರಿ ‘ಇಬ್ಬರು ಹೆಂಗಸರು’ ಎಂಬ ಹೆಸರಿನಿಂದ ಆಕೆ ನಾಟಕಗಳನ್ನೂ ಬರೆದಳು. 1907ರಲ್ಲಿ ಕೌನಾಸ್ ನಗರದಲ್ಲಿ ನೆರೆದ ಲಿಥುವೇನಿಯಾದ ಮೊದಲ ಮಹಿಳಾ ಸಮ್ಮೇಳನದಲ್ಲಿ ಭಾಗವಹಿಸಿದಳು. ಬಳಿಕ ವಿಲ್ನಿಯಸ್ ನಗರದಲ್ಲಿ ಪತ್ರಿಕೆಯ ಕೆಲಸ ಮಾಡಿದಳು. ಮೊದಲನೆಯ ಮಹಾಯುದ್ಧದಲ್ಲಿ ನೊಂದ ತನ್ನ ಜನರಿಗಾಗಿ ಹಣ ಕೂಡಿಸಲು 1916ರಲ್ಲಿ, ಎಪ್ಪತ್ತು ದಾಟಿದ ಮುದುಕಿ, ಅಮೆರಿಕಕ್ಕೆ ಪ್ರಯಾಣ ಮಾಡಿದಳು. 1921ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಅದೇ ವರುಷದ ಡಿಸೆಂಬರಿನಲ್ಲಿ ಮಾರಿಯಾಂಪೊಲೆಯಲ್ಲಿ ಮರಣಹೊಂದಿದಳು. ಸ್ವತಂತ್ರವಾದ ಲಿಥುವೇನಿಯಾವು 1994ರ ಒಂದು ಲಿತಾಸ್ ನೋಟಿನ ಮೇಲೆ ಆಕೆಯ ಚಿತ್ರವನ್ನು ಅಚ್ಚುಮಾಡಿತು. ತಲೆಗೆ ರೈತಗಿತ್ತಿಯ ವಸ್ತ್ರವನ್ನು ಕಟ್ಟಿದ ಮುದುಕಿಯ ಚಿತ್ರವದು. 2015ರಲ್ಲಿ ಯೂರೋ ನಾಣ್ಯವು ಬಂದು ಲಿತಾಸ್ ಮರೆಯಾದರೂ ಆಕೆಯ ಕಥೆಗಳು ಉಳಿದಿವೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಕಳೆದ ಮೂವತ್ತು ವರುಷಗಳು ಝೆಮಾಯ್ತೆಗೆ ವ್ಯರ್ಥವಾಗಲಿಲ್ಲ. ಆಕೆ ಬರೆದುದೆಲ್ಲವೂ ಅಲ್ಲಿ ಕಂಡುದೇ. ಆದರೆ ಪುಸ್ತಕ ತಂದುಕೊಟ್ಟು ‘ಬರೆಯಿರಿ’ ಎನ್ನುವ ಒಬ್ಬನು ನೆರೆಮನೆಯಲ್ಲಿ ಇಲ್ಲದಿದ್ದರೆ ಆ ಸಂಪತ್ತೆಲ್ಲವೂ ಆಕೆಯೊಡನೆಯೇ ಮಣ್ಣಾಗುತ್ತಿತ್ತು. ಆದುದರಿಂದ ನಿಮ್ಮ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿರಿ. ನೀವು ಓದಿರಿ, ನಿಮ್ಮ ಅತ್ತೆಗೂ, ನಾದಿನಿಗೂ, ನೆರೆಮನೆಯಾಕೆಗೂ ಓದಲು ಕೊಡಿರಿ. ಅವರಲ್ಲಿ ಯಾರ ಬಳಿ ಹೇಳದೆ ಉಳಿದ ಕಥೆಯಿದೆಯೋ, ಯಾರು ಬಲ್ಲರು?