ಎಂಜಿನ್ನಿಗೂ ತಂಪು ಬೇಕು

ಏಪ್ರಿಲ್ ತಿಂಗಳ ಮಧ್ಯಾಹ್ನ ಕುಂಜತ್ತೂರಿನ ಹೆದ್ದಾರಿಯ ಬದಿಯಲ್ಲಿ ನಿಂತರೆ ಮೈಯೆಲ್ಲ ಬೆವರುತ್ತದೆ. ಕಡಲು ಹತ್ತಿರವಿರುವುದರಿಂದ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಬೇಗನೆ ಆರುವುದಿಲ್ಲ. ಇದೇ ದಾರಿಯಲ್ಲಿ ತಲಪಾಡಿಯ ಕಡೆಗೆ ಸಾಗುವ ಕಾರಿನ ಎಂಜಿನ್ ತನ್ನ ಬಿಸಿಯನ್ನು ಹೇಗೆ ಕಳೆದುಕೊಳ್ಳುತ್ತದೆ? ಯೋಚಿಸಿದ್ದೀರಾ?

ಎಂಜಿನ್ನಿನೊಳಗೆ ಇಂಧನ ಉರಿದಾಗ ಸಿಗುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕಾರನ್ನು ಓಡಿಸಲು ದೊರೆಯುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಕ್ತಿ ಹೊಗೆಯೊಂದಿಗೆ ಹೊರಹೋಗುತ್ತದೆ. ಉಳಿದ ಬಿಸಿಯ ಹೆಚ್ಚಿನ ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ದ್ರವ ಹೊತ್ತೊಯ್ಯಬೇಕು. ಪಂಪು ಈ ದ್ರವವನ್ನು ಮುಂಭಾಗದ ರೇಡಿಯೇಟರಿಗೆ ತಳ್ಳುತ್ತದೆ. ಅಲ್ಲಿನ ತೆಳ್ಳಗಿನ ಕೊಳವೆಗಳ ನಡುವೆ ಗಾಳಿ ಹಾದುಹೋಗುವಾಗ ದ್ರವ ತಣಿಯುತ್ತದೆ. ರೇಡಿಯೇಟರ್ ನಮ್ಮಂತೆ ಬೆವರುವುದಿಲ್ಲ. ಆದುದರಿಂದ ಗಾಳಿಯ ತೇವ ಅದಕ್ಕೆ ಅಡ್ಡಿಯಲ್ಲ. ತನಗಿಂತ ತಂಪಾದ ಗಾಳಿ ಧಾರಾಳವಾಗಿ ಬಂದರೆ ಸಾಕು.

ಒಂದು ಲೆಕ್ಕ ಮಾಡೋಣ. ಕೂಲೆಂಟ್ 90 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂದಿರಲಿ. ಹೊರಗಿನ ಗಾಳಿ 25 ಡಿಗ್ರಿಯಾದರೆ ವ್ಯತ್ಯಾಸ 65. ಗಾಳಿ 35 ಡಿಗ್ರಿಯಾದರೆ ವ್ಯತ್ಯಾಸ 55. ಅಂದರೆ ಬೇಸಗೆಯು ರೇಡಿಯೇಟರಿನ ಸಾಮರ್ಥ್ಯದಲ್ಲಿ ಸುಮಾರು ಆರನೆಯ ಒಂದು ಭಾಗವನ್ನು ಕಿತ್ತುಕೊಳ್ಳುತ್ತದೆ. ಕಾರು ತಯಾರಿಸುವವರು ಇದನ್ನು ಮೊದಲೇ ಎಣಿಸಿ ಒಂದಿಷ್ಟು ಮಿಗತೆ ಇಟ್ಟಿರುತ್ತಾರೆ. ಆ ಮಿಗತೆಯನ್ನು ಕರಗಿಸುವುದು ಹೆಚ್ಚಾಗಿ ನಾವು ಮಾಡುವ ಮಾರ್ಪಾಡುಗಳು.

ಎಂಜಿನ್ನಿನ ಬಲ ಹೆಚ್ಚಿಸಿದರೆ ಹೆಚ್ಚು ಇಂಧನ ಉರಿಯುತ್ತದೆ, ಬಿಸಿಯೂ ಹೆಚ್ಚುತ್ತದೆ. ಹಳೆಯ ಜೀಪಿಗೆ ದೊಡ್ಡ ಎಂಜಿನ್ ಕೂರಿಸಿ ರೇಡಿಯೇಟರನ್ನು ಹಾಗೆಯೇ ಬಿಟ್ಟರೆ ಸಂಪಾಜೆ ಘಾಟಿಯ ಏರಿನಲ್ಲಿ ಪರೀಕ್ಷೆ ಎದುರಾಗುತ್ತದೆ: ಎಂಜಿನ್ ಹೆಚ್ಚು ದುಡಿಯುತ್ತದೆ, ವೇಗ ಕಡಿಮೆ, ಗಾಳಿಯೂ ಕಡಿಮೆ. ಮುಂಭಾಗದಲ್ಲಿ ಕಟ್ಟುವ ಹೆಚ್ಚುವರಿ ದೀಪಗಳು, ಕಬ್ಬಿಣದ ಗಾರ್ಡುಗಳು ಗಾಳಿಯ ದಾರಿಗೆ ಅಡ್ಡವಾಗುತ್ತವೆ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನು ಕಿತ್ತುಹಾಕುವುದೂ ಪರಿಹಾರವಲ್ಲ. ಎಂಜಿನ್ ಸರಿಯಾದ ಬಿಸಿಗೆ ಬರಲು ತಡವಾಗಿ, ಇಂಧನ ಹೆಚ್ಚು ಖರ್ಚಾಗಿ, ಸವೆತ ಹೆಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು? ಹೆಚ್ಚಿದ ಬಲಕ್ಕೆ ತಕ್ಕ ದೊಡ್ಡ ರೇಡಿಯೇಟರ್ ಬೇಕು. ಗಾಳಿಯೆಲ್ಲ ಅದರ ಮೂಲಕವೇ ಹಾಯುವಂತೆ ಫ್ಯಾನಿನ ಸುತ್ತ ಆವರಣ ಇರಬೇಕು. ರೇಡಿಯೇಟರಿನ ಸಂದುಗಳಲ್ಲಿ ಸೇರಿದ ಧೂಳು, ಹುಳಗಳನ್ನು ಆಗಾಗ ತೆಗೆಯಬೇಕು. ಕೂಲೆಂಟಿಗೆ ಶುದ್ಧೀಕರಿಸಿದ ನೀರನ್ನೇ ಬೆರೆಸಬೇಕು. ಉಪ್ಪಿನಂಶವಿರುವ ಕಡಲತೀರದ ಬಾವಿನೀರು ಲೋಹವನ್ನು ತಿನ್ನುತ್ತದೆ. ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ. ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.

ಎಷ್ಟು ಎಚ್ಚರವಿದ್ದರೂ ಉಷ್ಣತೆಯ ಮುಳ್ಳು ಏರಬಹುದು. ಆಗ ಎ.ಸಿ. ನಿಲ್ಲಿಸಿ, ಕಾರನ್ನು ನೆರಳಿನ ಬದಿಗೆ ತಂದು ಎಂಜಿನ್ ಆರಿಸಬೇಕು. ರೇಡಿಯೇಟರಿನ ಮುಚ್ಚಳಕ್ಕೆ ಕೈಹಚ್ಚಬಾರದು. ಅದು ಅಡುಗೆಮನೆಯ ಕುಕ್ಕರಿನಂತೆ. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ತಡೆದು ನಿಂತಿರುತ್ತದೆ. ಮುಚ್ಚಳ ತೆರೆದ ಕ್ಷಣವೇ ಒತ್ತಡ ಇಳಿದು, ನೀರು ಉಕ್ಕಿ ಕೈ, ಮುಖಗಳ ಮೇಲೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಬೇಕು. ಎಂಜಿನ್ ಪೂರ್ತಿ ತಣಿದಿದೆಯೆಂದು ಖಚಿತವಾದ ಮೇಲೆಯೇ ಮುಚ್ಚಳ ತೆರೆಯಬೇಕು. ಬಿಸಿ ಎಂಜಿನ್ನಿಗೆ ತಣ್ಣೀರು ಎರಚಿದರೆ ಲೋಹ ಬಿರಿಯಬಹುದು. ಗುರಿ ತಲುಪಲು ಅರ್ಧ ಗಂಟೆ ತಡವಾದರೆ ನಷ್ಟವಿಲ್ಲ. ಸುಟ್ಟ ಮುಖ ಮೊದಲಿನಂತಾಗುವುದು ಸುಲಭವಲ್ಲ.

ಚಟುವಟಿಕೆಗಳು

1. ಬೆವರು ಆರದ ಸೆಕೆಯಲ್ಲಿಯೂ ರೇಡಿಯೇಟರ್ ಕೆಲಸ ಮಾಡುವುದು ಹೇಗೆ? ಚರ್ಚಿಸಿರಿ.
2. ಗಾಳಿಯ ಉಷ್ಣತೆ 40 ಡಿಗ್ರಿಯಾದರೆ ಪಾಠದ ಲೆಕ್ಕ ಹೇಗೆ ಬದಲಾಗುತ್ತದೆ? ಕಂಡುಹಿಡಿಯಿರಿ.
3. ಸಮೀಪದ ವಾಹನ ದುರಸ್ತಿ ಕೇಂದ್ರಕ್ಕೆ ಹಿರಿಯರೊಂದಿಗೆ ಭೇಟಿ ನೀಡಿ, ಚಾಲಕರಿಗಾಗಿ ಒಂದು ಎಚ್ಚರಿಕೆಯ ಪೋಸ್ಟರ್ ತಯಾರಿಸಿರಿ.